ನಾಲ್ಕಕ್ಕೇ ಕತ್ತಲಾಗುವ ಊರಲ್ಲಿ

ಡಿಸೆಂಬರ್ 21ರ ಆಸುಪಾಸಿಗೆ ಬರ್ಲಿನ್‌ನಲ್ಲಿ ಹೊತ್ತು ಮುಳುಗುವುದು ಮಧ್ಯಾಹ್ನ 3 ಗಂಟೆ 54 ನಿಮಿಷಕ್ಕೆ. ಅದೇ ಗಳಿಗೆಯಲ್ಲಿ ರಾಯಚೂರಿನಲ್ಲಿ ರಾತ್ರಿ 8:24. ಸಿಂಧನೂರಿನ ಅಡುಗೆಮನೆಯಲ್ಲಿ ಕೊನೆಯ ರೊಟ್ಟಿ ಹಂಚಿನಿಂದ ಇಳಿದಿರುತ್ತದೆ. ಕೊಪ್ಪಳದ ಮನೆಯಲ್ಲಿ ತಾಟು ಹಾಕಿರುತ್ತಾರೆ. ಬಳ್ಳಾರಿಯಲ್ಲಿ ಅಂಗಡಿ ಬಾಗಿಲು ಹಾಕಿ ಮನೆಗೆ ಹೊರಟಿರುತ್ತಾರೆ. ಓದಲಿಕ್ಕೋ ಕೆಲಸಕ್ಕೋ ಈ ಕಡೆಯಿಂದ ಅಲ್ಲಿಗೆ ಹೋದವರಿಗೆ ಊರಿನ ನೆನಪು ಒತ್ತರಿಸಿ ಬರುವ ಹೊತ್ತು ಇದು. ಕಿಟಕಿಯಾಚೆ ಕತ್ತಲು ಇಳಿಯುವುದೂ, ಊರಲ್ಲಿ ಎಲ್ಲರೂ ಒಂದು ಕಡೆ ಕೂತು ಉಣ್ಣುವುದೂ ಒಂದೇ ಗಳಿಗೆಗೆ ಬಂದು ಕೂಡುತ್ತವೆ. ಈ ಹೊತ್ತನ್ನು ಮೊದಲೇ ಗುರುತಿಸಿಕೊಂಡು, ಉಳಿದ ದಿನವನ್ನು ಅದರ ಸುತ್ತ ಕಟ್ಟಿಕೊಂಡರೆ ಬರ್ಲಿನ್‌ನ ಚಳಿಗಾಲವನ್ನು ದಾಟಬಹುದು, ಆ ಊರನ್ನೂ ಚೆನ್ನಾಗಿ ನೋಡಬಹುದು.

ಮೊದಲು ಬೆಳಕಿನ ಲೆಕ್ಕ. ರಾಯಚೂರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬರ್ಲಿನ್ 52 ದಾಟಿ. ವರ್ಷದ ಅತಿ ಸಣ್ಣ ಹಗಲು ನಮ್ಮಲ್ಲಿ 11 ತಾಸಿಗೂ ಸ್ವಲ್ಪ ಮೇಲು, ಅಲ್ಲಿ 7 ತಾಸು 40 ನಿಮಿಷ. ಇದಕ್ಕಿಂತ ಹೆಚ್ಚು ಕಾಡುವುದು ಸೂರ್ಯನ ಎತ್ತರ. ಡಿಸೆಂಬರ್‌ನ ನಡುಹಗಲಲ್ಲಿ ನಮ್ಮ ಸೂರ್ಯ ದಿಗಂತದಿಂದ 50 ಡಿಗ್ರಿ ಮೇಲಿದ್ದರೆ ಬರ್ಲಿನ್‌ನಲ್ಲಿ ಬರೀ 14. ಕೈ ನೀಳವಾಗಿ ಚಾಚಿ ಮುಷ್ಟಿ ಕಟ್ಟಿ ದಿಗಂತದ ಮೇಲಿಟ್ಟರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಅಲ್ಲಿಯ ಸೂರ್ಯ ಏರುವುದು ಒಂದೂವರೆ ಮುಷ್ಟಿಯಷ್ಟು. ಐದೂವರೆ ಅಡಿ ಎತ್ತರದವರ ನೆರಳು ಮಧ್ಯಾಹ್ನ ಹನ್ನೆರಡಕ್ಕೆ 22 ಅಡಿ ಉದ್ದ ಬೀಳುತ್ತದೆ. ನಮ್ಮಲ್ಲಿ ಇಷ್ಟುದ್ದ ನೆರಳು ಬೀಳುವುದು ಹೊತ್ತು ಮುಳುಗಲು ಒಂದು ತಾಸು ಇರುವಾಗ, ದನ ಮನೆ ಕಡೆ ತಿರುಗುವ ಹೊತ್ತಿಗೆ. ಹಾಗಾಗಿ ಹೋದ ಹೊಸದರಲ್ಲಿ ನಡುಹಗಲಿಗೇ ‘ಸಂಜೆಯಾಯಿತು, ಮನೆ ಸೇರಬೇಕು’ ಎಂಬ ತವಕ ಹುಟ್ಟುತ್ತದೆ. ಇಷ್ಟು ವರ್ಷ ನೆರಳು ನೋಡಿ ಹೊತ್ತು ಅಳೆದ ಕಣ್ಣು ಅಲ್ಲಿಯೂ ಹಾಗೇ ಅಳೆಯುತ್ತದೆ. ಮನಸ್ಸು ಮೆತ್ತಗಾಯಿತೆಂದು ಗಾಬರಿಯಾಗಬೇಕಾಗಿಲ್ಲ.

ಇದಕ್ಕೆ ಮದ್ದು ಬೆಳಿಗ್ಗೆ. ಡಿಸೆಂಬರ್‌ನಲ್ಲಿ ಹೊತ್ತು ಹುಟ್ಟುವುದು ಎಂಟೂಕಾಲರ ಸುಮಾರಿಗೆ. ಒಂಬತ್ತಕ್ಕೆ ಹೊರಬಿದ್ದು ಅರ್ಧ ತಾಸು ಬಯಲಲ್ಲಿ ನಡೆಯಬೇಕು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯ ಲೈಟಿಗಿಂತ ಎಷ್ಟೋ ಪಟ್ಟು ಹೆಚ್ಚು. ನಿದ್ದೆ, ಹಸಿವು, ಉಮೇದು ಎಲ್ಲ ಆ ಬೆಳಕಿನ ಮೇಲೆ ನಿಂತಿವೆ. ರಜೆಯ ದಿನ ಹತ್ತೂವರೆಗೆ ಎದ್ದು, ಸ್ನಾನ ಮಾಡಿ, ಅಡುಗೆ ಮುಗಿಸಿ, ಎರಡಕ್ಕೆ ಹೊರಟವರಿಗೆ ಸಿಗುವ ಬೆಳಕು ಎರಡು ತಾಸಿಗೂ ಕಡಿಮೆ. ಇನ್ನೊಂದು ಮಾತು: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಆ ಅಕ್ಷಾಂಶದ ಬಿಸಿಲಿಗೆ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವಷ್ಟು ಕಸುವಿರುವುದಿಲ್ಲ, ನಮ್ಮಂಥ ಕಪ್ಪು ಚರ್ಮಕ್ಕಂತೂ ಇನ್ನೂ ಹೆಚ್ಚು ಬಿಸಿಲು ಬೇಕು. ನವೆಂಬರ್‌ನಲ್ಲೇ ಒಮ್ಮೆ ಡಾಕ್ಟರ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಬೇಕೋ, ಎಷ್ಟು ಬೇಕೋ ಕೇಳಿಕೊಳ್ಳುವುದು ಒಳ್ಳೆಯದು. ಎರಡು ವಾರ ಕಳೆದರೂ ಏಳಲು ಮನಸ್ಸಾಗದೆ, ಉಣ್ಣಲು ಬೇಡವಾಗಿ, ಯಾರ ಜೊತೆಗೂ ಮಾತು ಬೇಡವಾದರೆ ಅದನ್ನು ಬರೀ ಊರ ನೆನಪು ಎಂದು ತಳ್ಳಿಹಾಕಬೇಡಿ. ಅದನ್ನೂ ಡಾಕ್ಟರಿಗೆ ಹೇಳಿ.

ಬಟ್ಟೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ: ಊರಿಂದ ದಪ್ಪ ಸ್ವೆಟರ್ ಎರಡು, ಬಳ್ಳಾರಿಯಲ್ಲಿ ಹೊಲಿದ ಗಟ್ಟಿ ಜೀನ್ಸ್ ನಾಲ್ಕು ಕಟ್ಟಿಕೊಂಡು ಹೋಗುವುದು. ಜೀನ್ಸ್ ಹತ್ತಿ ಬಟ್ಟೆ. ಹತ್ತಿ ಬೆವರನ್ನೂ ಹನಿಯನ್ನೂ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಬಟ್ಟೆ ಮೈಯ ಕಾವನ್ನು ಎಳೆದುಬಿಡುತ್ತದೆ. ಜನವರಿಯ ಸರಾಸರಿ ಶಾಖ ಸೊನ್ನೆಗಿಂತ ಸ್ವಲ್ಪವೇ ಮೇಲು, ಗಾಳಿಯಲ್ಲಿ ಪಸೆ ಬೇರೆ. ನಮ್ಮ ಕಡೆ ಕುರಿ ಕಾಯುವವರು ಮಳೆಯಲ್ಲೂ ಕರಿ ಕಂಬಳಿ ಹೊದ್ದು ಹೊಲದಲ್ಲಿ ನಿಲ್ಲುವುದನ್ನು ನೋಡಿದವರಿಗೆ ಇದರ ಗುಟ್ಟು ಗೊತ್ತು: ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಮೈಗೆ ಅಂಟುವ ಒಳ ಉಡುಪು ಉಣ್ಣೆಯದೋ ಸಿಂಥೆಟಿಕ್ಕಿನದೋ ಇರಲಿ, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಗಾಳಿ ತಡೆಯುವ ಜಾಕೆಟ್. ಜೀನ್ಸ್ ಹಾಕುವುದಾದರೆ ಒಳಗೆ ಥರ್ಮಲ್ ಬೇಕೇ ಬೇಕು. ಇವನ್ನೆಲ್ಲ ಅಲ್ಲಿಗೆ ಹೋಗಿ ಕೊಳ್ಳುವುದೇ ಲೇಸು. ಬೂಟು ಅರ್ಧ ಸೈಜು ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಆಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತವೆ. ಉಣ್ಣೆಯ ಒಂದೇ ಜೊತೆ, ಬೆರಳು ಅಲ್ಲಾಡಿಸಲು ಜಾಗ, ಅಷ್ಟು ಸಾಕು. ಫೋನನ್ನು ಒಳಜೇಬಿನಲ್ಲಿಡಿ. ಥಂಡಿಗೆ ಬ್ಯಾಟರಿ ಸೋತು ಇನ್ನೂ 25 ಪರ್ಸೆಂಟ್ ಇರುವಾಗಲೇ ಆರಿಹೋಗಬಹುದು. ಮನೆಯ ವಿಳಾಸ ಬರೆದ ಚೀಟಿಯೊಂದು ಪರ್ಸಿನಲ್ಲಿದ್ದರೆ ಆಗ ದಾರಿ ಕೇಳಬಹುದು.

ಹಿಮಕ್ಕಿಂತ ಅಪಾಯದ್ದು ಕಾಣದ ಮಂಜುಗಡ್ಡೆ. ಹೆಪ್ಪುಗಟ್ಟಿದ ನೆಲದ ಮೇಲೆ ಸಣ್ಣ ಮಳೆ ಬಿದ್ದರೆ ಗಾಜಿನಂಥ ಪದರ ಕಟ್ಟುತ್ತದೆ, ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ. ಬರ್ಲಿನ್‌ನ ಕಾಲುದಾರಿಗಳಿಗೆ ಸಾಮಾನ್ಯವಾಗಿ ಉಪ್ಪಿನ ಬದಲು ಸಣ್ಣ ಜಲ್ಲಿ ಎರಚುತ್ತಾರೆ. ಜಲ್ಲಿ ಕಂಡಲ್ಲಿ ಕಾಲಿಡಿ. ಮಳೆ ಬಿದ್ದ ಎರೆ ಹೊಲದಲ್ಲಿ ನಡೆದು ಗೊತ್ತಿದ್ದವರು ಅದೇ ನಡಿಗೆ ನಡೆದರಾಯಿತು: ಹೆಜ್ಜೆ ಗಿಡ್ಡ, ಪಾದ ಪೂರ್ತಿ ನೆಲಕ್ಕೆ, ಮೊಣಕಾಲು ಸ್ವಲ್ಪ ಸಡಿಲ, ಮೈಭಾರ ಮುಂದಿಟ್ಟ ಕಾಲಿನ ಮೇಲೆ, ಕೈ ಜೇಬಿನಿಂದ ಹೊರಗೆ. ಹಿಮ್ಮಡಿ ಮೊದಲು ಊರಿದರೆ ಎರೆಯಲ್ಲೂ ಜಾರುತ್ತೀರಿ, ಬರ್ಲಿನ್‌ನಲ್ಲೂ ಜಾರುತ್ತೀರಿ. ಕಾಲುವೆಯ ನೀರು ಹೆಪ್ಪುಗಟ್ಟಿ ಮಕ್ಕಳು ಅದರ ಮೇಲೆ ಆಡುವುದು ಕಂಡರೂ ನೀವು ಇಳಿಯಬೇಡಿ. ಸೇತುವೆಯ ಕೆಳಗೆ, ನೀರು ಹರಿಯುವ ಕಡೆ ಮಂಜು ತೆಳ್ಳಗಿರುತ್ತದೆ.

ಊರು ನೋಡಲು ಮೊದಲ ದಿನ ನಡೆಯಬೇಡಿ, ರೈಲಿನಲ್ಲಿ ಕೂಡಿ. ಊರನ್ನು ಸುತ್ತುಗಟ್ಟಿದ ರಿಂಗ್‌ಬಾನ್ ಎಂಬ ವೃತ್ತಾಕಾರದ ದಾರಿಯಿದೆ. ಎಸ್ 41 ರೈಲು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, ಎಸ್ 42 ಅದರ ಎದುರು ದಿಕ್ಕಿಗೆ. 27 ನಿಲ್ದಾಣ, ಸುಮಾರು 37 ಕಿಲೋಮೀಟರ್, ಸರಿಯಾಗಿ ಒಂದು ತಾಸು. ಬೆಚ್ಚಗೆ ಕಿಟಕಿ ಪಕ್ಕ ಕೂತು ಒಂದು ಸುತ್ತು ಬಂದರೆ ಊರಿನ ಅಂಗಳ ಹಿತ್ತಲು ಎರಡೂ ಕಾಣುತ್ತವೆ, ಯಾವ ನಿಲ್ದಾಣದ ಹತ್ತಿರ ಇನ್ನೊಮ್ಮೆ ಇಳಿಯಬೇಕೆಂಬುದೂ ತಿಳಿಯುತ್ತದೆ. ಇದಕ್ಕೆ ದಿನದ ಟಿಕೆಟ್ ತೆಗೆದುಕೊಳ್ಳಿ. ಒಂದೇ ಪಯಣದ ಟಿಕೆಟ್ಟಿಗೆ ಎರಡು ತಾಸು ಸಮಯವಿದ್ದರೂ ಒಂದೇ ದಿಕ್ಕಿಗೆ ಹೋಗಬೇಕು, ಸುತ್ತಿ ಬಂದಲ್ಲಿಗೇ ಬರುವಂತಿಲ್ಲ. ಮಷಿನ್ನಿನಿಂದ ಬಂದ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಡಬ್ಬಿಯಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ನಮ್ಮವರು ಸಿಕ್ಕಿಬೀಳುವುದು ಹೆಚ್ಚಾಗಿ ಎರಡು ಕಡೆ. ಒಂದು, ಈ ಮುದ್ರೆ ಮರೆತು. ಇನ್ನೊಂದು, ಬಂದಿಳಿದ ದಿನವೇ: ಟಿಕೆಟ್ಟಿಗೆ ಎ, ಬಿ, ಸಿ ಎಂದು ಮೂರು ವಲಯ, ವಿಮಾನ ನಿಲ್ದಾಣ ಹೊರಗಿನ ಸಿ ವಲಯದಲ್ಲಿದೆ, ಎಬಿ ಟಿಕೆಟ್ ಅಲ್ಲಿಂದ ನಡೆಯುವುದಿಲ್ಲ, ಎಬಿಸಿ ಬೇಕು. ದಂಡ 60 ಯೂರೋ. ‘ಗೊತ್ತಿರಲಿಲ್ಲ’ ಎಂಬುದಕ್ಕೆ ರಿಯಾಯಿತಿ ಇಲ್ಲ.

ಎರಡನೇ ದಿನಕ್ಕೆ 100 ನಂಬರ್ ಬಸ್ಸು. ಝೂ ನಿಲ್ದಾಣದಿಂದ ಅಲೆಕ್ಸಾಂಡರ್‌ಪ್ಲಾಟ್ಸ್‌ವರೆಗೆ ಹೋಗುತ್ತದೆ, ಡಬಲ್ ಡೆಕ್ಕರ್, ಮಾಮೂಲಿ ಟಿಕೆಟ್ ಸಾಕು. ಮೇಲಿನ ಮುಂದಿನ ಸೀಟು ಹಿಡಿದರೆ ವಿಜಯಸ್ತಂಭ, ಸಂಸತ್ತಿನ ಕಟ್ಟಡದ ಗಾಜಿನ ಗುಮ್ಮಟ, ಬ್ರಾಂಡೆನ್‌ಬುರ್ಗ್ ದ್ವಾರದ ಬದಿ ಎಲ್ಲ ಒಂದೇ ಪಯಣದಲ್ಲಿ ಸಿಗುತ್ತವೆ. ಕೊನೆಗೆ ಇಳಿದಲ್ಲಿಂದ ಮ್ಯೂಸಿಯಂ ದ್ವೀಪ ಹತ್ತಿರ. ನೊಯೆಸ್ ಮ್ಯೂಸಿಯಂನಲ್ಲಿರುವ, ಈಜಿಪ್ಟಿನ ರಾಣಿ ನೆಫೆರ್ಟಿಟಿಯ ಪ್ರತಿಮೆ ಅಲ್ಲೇ ಇರುವುದು. ಒಳಗೆ ದಪ್ಪ ಕೋಟು, ಬ್ಯಾಗು ಬಿಡುವುದಿಲ್ಲ, ಲಾಕರಿಗೆ ಒಂದೋ ಎರಡೋ ಯೂರೋದ ನಾಣ್ಯ ಕೈಯಲ್ಲಿರಲಿ.

ಕರಿಮಣ್ಣಿನ ಬಯಲಿನವರಿಗೆ ಆ ಊರಲ್ಲಿ ಒಂದು ಜಾಗವನ್ನು ಒತ್ತಿ ಹೇಳಬೇಕು: ಟೆಂಪಲ್‌ಹೋಫ್ ಬಯಲು. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ, 2010ರಿಂದ ಜನರಿಗೆ ತೆರೆದ ಮೈದಾನ. 300 ಹೆಕ್ಟೇರಿಗೂ ಮಿಕ್ಕಿದ ಜಾಗದಲ್ಲಿ ರನ್‌ವೇ ಹಾಗೇ ಉಳಿದಿದೆ. ಕಟ್ಟಡ ಕಟ್ಟುವ ಯೋಜನೆ ಬಂದಾಗ 2014ರಲ್ಲಿ ಊರಿನ ಜನ ಮತ ಹಾಕಿ ಬಯಲನ್ನು ಬಯಲಾಗಿಯೇ ಉಳಿಸಿಕೊಂಡರು. ಎತ್ತರದ ಮನೆಗಳ ನಡುವೆ ತುಂಡು ಆಕಾಶ ನೋಡಿ ನೋಡಿ ಉಸಿರು ಕಟ್ಟಿದವರಿಗೆ ಇಲ್ಲಿ ಕಣ್ಣು ಹಾಯುವಷ್ಟು ದೂರ ನೆಲ ಕಾಣುತ್ತದೆ, ಮಾನ್ವಿ ಸಿಂಧನೂರು ಕಡೆ ಬೆಳೆ ಕೊಯ್ದ ಮೇಲೆ ಕಂಡಂತೆ. ಊರ ನೆನಪು ಅಂದರೆ ಎಷ್ಟೋ ಸಲ ಇಂಥ ದಿಗಂತದ ಹಸಿವು. ತಡೆಯಿಲ್ಲದ ಬಯಲಾದ್ದರಿಂದ ಗಾಳಿ ಜೋರು, ಸೊನ್ನೆ ಡಿಗ್ರಿ ಇದ್ದರೂ ಮುಖಕ್ಕೆ ಅದಕ್ಕಿಂತ ಥಂಡಿ ಹೊಡೆಯುತ್ತದೆ. ಹೋಗುವಾಗ ಗಾಳಿಗೆ ಎದುರು ನಡೆಯಿರಿ, ಬರುವಾಗ ಗಾಳಿ ಬೆನ್ನಿಗಿರಲಿ. ತಿರುಗುಮುರುಗಾದರೆ ನಡೆದು ಬೆವತ ಮೈಗೆ ಎದುರು ಗಾಳಿ ಬಡಿದು ನೆಗಡಿ ಹಿಡಿದಂತೆ ನಡುಕ ಬರುತ್ತದೆ. ಕತ್ತಲಾಗುವ ಹೊತ್ತಿಗೆ ಗೇಟು ಹಾಕುತ್ತಾರೆ.

ಮೈಗೆ ಕಾವು ಬೇಕೆನಿಸಿದ ದಿನ ಡಾಲೆಮ್‌ನ ಸಸ್ಯೋದ್ಯಾನಕ್ಕೆ ಹೋಗಿ. 1907ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಗಾಜಿನ ಮನೆ 60 ಮೀಟರ್ ಉದ್ದವಿದೆ, ಒಳಗೆ ಬಿಸಿ ದೇಶಗಳ ಮರಗಿಡ. ಬಾಗಿಲು ದಾಟುತ್ತಲೇ ಕನ್ನಡಕ ಮಸುಕಾಗುತ್ತದೆ, ಫೋನಿನ ಕ್ಯಾಮೆರಾದ ಮೇಲೂ ಹಬೆ ಕೂಡುತ್ತದೆ. ಒರೆಸಿದರೆ ಮತ್ತೆ ಕೂಡುತ್ತದೆ, ಗಾಜು ಒಳಗಿನ ಶಾಖಕ್ಕೆ ಬರುವವರೆಗೆ ಹತ್ತು ನಿಮಿಷ ಸುಮ್ಮನಿರಬೇಕು. ಆ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತರೆ ಮೂಗಿಗೆ ಬರುವುದು ಮಳೆಗಾಲದ ಹಸಿ ಮಣ್ಣಿನ ವಾಸನೆ. ಚಳಿಗಾಲದಲ್ಲಿ ಬರ್ಲಿನ್‌ನ ಹೊರಗಾಳಿಗೆ ವಾಸನೆಯೇ ಇರುವುದಿಲ್ಲ ಅನ್ನಿಸುವಷ್ಟು ಕಡಿಮೆ, ಇಲ್ಲಿ ಬಂದಾಗಲೇ ಆ ಕೊರತೆ ಗೊತ್ತಾಗುವುದು.

ಕ್ರಿಸ್‌ಮಸ್ ಸಂತೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ದಾರಿಯಲ್ಲಿ ತಾವೇ ಸಿಗುತ್ತವೆ. ಬಿಸಿ ಪಾನೀಯದ ಮಗ್ಗಿಗೆ ಠೇವಣಿ ಹಿಡಿಯುತ್ತಾರೆ, ಮಗ್ಗು ಮರಳಿಸಿ ಹಣ ಇಸಿದುಕೊಳ್ಳಿ. ಮದ್ಯ ಬೇಡದವರು ‘ಕಿಂಡರ್‌ಪುನ್ಶ್’ ಕೇಳಬೇಕು. ತಿಳಿದಿರಬೇಕಾದ್ದು ಸಂತೆಯ ನಂತರದ ದಿನಗಳು. ಡಿಸೆಂಬರ್ 24ರ ಮಧ್ಯಾಹ್ನದಿಂದ 26 ಮುಗಿಯುವವರೆಗೆ ಅಂಗಡಿಗಳು ಬಂದ್, ಪಕ್ಕದಲ್ಲಿ ಭಾನುವಾರ ಬಂದರೆ ಇನ್ನೂ ಒಂದು ದಿನ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಅಂಗಡಿ ಬಿಟ್ಟರೆ ಹಾಲು ಸಿಗುವುದೂ ಕಷ್ಟ. ಜೊತೆಗಿದ್ದವರೆಲ್ಲ ಅವರವರ ಊರಿಗೆ ಹೋಗಿ ಹಾಸ್ಟೆಲ್ ಖಾಲಿಯಾಗುವುದೂ ಆಗಲೇ. 23ಕ್ಕೇ ನಾಲ್ಕು ದಿನದ ಕಾಯಿಪಲ್ಯ ತಂದಿಟ್ಟುಕೊಳ್ಳಿ, ಉಳಿದ ಒಬ್ಬರನ್ನಾದರೂ ಊಟಕ್ಕೆ ಕರೆಯಿರಿ.

ಮನೆಯೊಳಗೂ ಕಲಿಯುವುದಿದೆ. ಹೀಟರಿನ ತಿರುಗಣೆಯಲ್ಲಿ 3 ಎಂದರೆ ಸುಮಾರು 20 ಡಿಗ್ರಿ. ಬೇಗ ಬೆಚ್ಚಗಾಗಲೆಂದು 5ಕ್ಕೆ ತಿರುಗಿಸಿದರೆ ಬೇಗ ಆಗುವುದಿಲ್ಲ, ಬಿಲ್ಲು ಮಾತ್ರ ಏರುತ್ತದೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಆರಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷ ಗಾಳಿ ಆಡಿಸಬೇಕು. ಅಡುಗೆಯ ಹಬೆ, ಒಣಹಾಕಿದ ಬಟ್ಟೆಯ ಪಸೆ ಒಳಗೇ ಉಳಿದರೆ ತಣ್ಣನೆ ಗೋಡೆಯ ಮೂಲೆಯಲ್ಲಿ ಬೂಜು ಹಿಡಿಯುತ್ತದೆ, ಮನೆ ಬಿಡುವಾಗ ಅದರ ಹಣ ನಿಮ್ಮ ಠೇವಣಿಯಿಂದ ಕತ್ತರಿಸುತ್ತಾರೆ. ಊರಿಂದ ಒಯ್ದ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಮಾರ್ಚ್‌ವರೆಗೂ ಬಾಟಲಿಯಲ್ಲಿ ಬೆಳ್ಳಗೆ ಕಲ್ಲಾಗಿ ಕೂತಿರುತ್ತದೆ. ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ದರೆ ಬೆರಳಿನಿಂದ ತೆಗೆಯಬಹುದು. ಸ್ನಾನವಾದ ಮೂರು ನಿಮಿಷದೊಳಗೆ, ಮೈ ಇನ್ನೂ ಹಸಿಯಿರುವಾಗ ಹಚ್ಚಿಕೊಂಡರೆ ಮೊಣಕಾಲು, ಹಿಮ್ಮಡಿ ಬಿರಿಯುವುದಿಲ್ಲ.

ಈಗ ಆ ನಾಲ್ಕು ಗಂಟೆಯ ವಿಷಯ. ಮೂರೂವರೆಗೆಲ್ಲ ಮನೆ ಸೇರಿ. ಬೆಳಿಗ್ಗೆ ಗಟ್ಟಿಯಾಗಿ ತಿಂದು, ಮಧ್ಯಾಹ್ನದ ಊಟವನ್ನು ನಾಲ್ಕಕ್ಕೆ ತಳ್ಳಿದರೆ ಊರಿನ ಎಂಟೂವರೆಯ ಊಟಕ್ಕೆ ನಿಮ್ಮ ತಾಟೂ ಕೂಡುತ್ತದೆ. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಊರಲ್ಲಿ ನಸುಕಿನ ಎರಡೂವರೆ, ಯಾರೂ ಎತ್ತುವುದಿಲ್ಲ, ಒಂಟಿತನ ಇಮ್ಮಡಿಯಾಗುತ್ತದೆ. ನಾಲ್ಕಕ್ಕೆ ಮಾಡಿದರೆ “ಏನ್ ಮಾಡ್ಕೊಂಡಿಯಪಾ ಊಟಕ್ಕ?” ಎಂದು ಅವ್ವ ಕೇಳಿದಾಗ ತೋರಿಸಲು ಎದುರಿಗೆ ರೊಟ್ಟಿ ಇರುತ್ತದೆ, ಮಾತು ಮುಂದುವರಿಯುತ್ತದೆ.

ಆ ರೊಟ್ಟಿ ಆಗಬೇಕಾದರೆ ಹಿಟ್ಟು ತಾಜಾ ಇರಬೇಕು. ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ‘ಜೋವಾರ್’ ಎಂದು ಬರೆದ ಜೋಳದ ಹಿಟ್ಟಿನ ಪೊಟ್ಟಣ ಸಿಗುತ್ತದೆ, ಆದರೆ ಬೀಸಿ ತಿಂಗಳುಗಟ್ಟಲೆಯಾಗಿರುತ್ತದೆ. ಬೀಸಿದ ದಿನಾಂಕ ನೋಡಿ ಕೊಳ್ಳಿ. ಜೋಳದಲ್ಲಿ ಗೋಧಿಯಂತೆ ಅಂಟು ಇಲ್ಲ, ಹಳೆಯದಾದರೆ ಇದ್ದ ಜಿಗಿಯೂ ಹೋಗಿ ತಟ್ಟುವಾಗ ಅಂಚು ಸೀಳುತ್ತದೆ. ಇದಕ್ಕೆ ಎಸರೇ ಗತಿ. ಒಂದು ಕಪ್ ಹಿಟ್ಟಿಗೆ ಮುಕ್ಕಾಲು ಕಪ್ ನೀರು, ಚಿಟಿಕೆ ಉಪ್ಪು. ನೀರು ಕುದಿಯುತ್ತಿರುವಾಗಲೇ ಹಿಟ್ಟಿನ ನಡುವಿನ ಗುಣಿಗೆ ಸುರಿದು, ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಬಿಸಿಗೆ ಹಿಟ್ಟು ಅರೆಬೆಂದು ಜಿಗುಟು ಬರುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ಐದು ನಿಮಿಷ ನಾದಬೇಕು. ಉಂಡೆ ಒತ್ತಿದಾಗ ಅಂಚು ಬಿರಿದರೆ ಇನ್ನೂ ನಾದಿ, ಬೆರಳಿಗೆ ನೀರು ಮುಟ್ಟಿಸಿಕೊಳ್ಳಿ. ಮೊದಮೊದಲು ಅಂಗೈಗಿಂತ ತುಸು ದೊಡ್ಡದು ತಟ್ಟಿದರೆ ಸಾಕು. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ. ಮಣೆ ಜಾರುವುದಿಲ್ಲ, ಕೆಳಗಿನ ಮನೆಗೆ ಸಪ್ಪಳವೂ ಹೋಗುವುದಿಲ್ಲ. ರಾತ್ರಿ ಹತ್ತರ ನಂತರ, ಭಾನುವಾರ ಇಡೀ ದಿನ ಸದ್ದು ಮಾಡಬಾರದೆಂಬ ಕಟ್ಟು ಅಲ್ಲಿ ಬಿಗಿಯಾಗಿದೆ.

ಬಾಡಿಗೆ ಮನೆಗಳ ಒಲೆ ಹೆಚ್ಚಾಗಿ ಗಾಜಿನ ಹಲಗೆಯ ಕರೆಂಟ್ ಒಲೆ. ಊರಿನ ತಗ್ಗು ಹಂಚು ಅದಕ್ಕೆ ಕೂಡುವುದಿಲ್ಲ, ನಡುವೆ ಮಾತ್ರ ತಾಗಿ ಅಲ್ಲಿ ಸೀದು ಅಂಚು ಹಸಿ ಉಳಿಯುತ್ತದೆ. ತಳ ಸಪಾಟಾದ ಕಬ್ಬಿಣದ ತವೆ ಬೇಕು, ಇಂಡಕ್ಷನ್ ಆದರೂ ಅದೇ ನಡೆಯುತ್ತದೆ. ಈ ಒಲೆ ನಿಧಾನ: ತವೆಯನ್ನು ಐದಾರು ನಿಮಿಷ ಕಾಯಿಸಿ, ನೀರ ಹನಿ ಚುರ್ ಎಂದು ಹಾರಿದ ಮೇಲೆ ರೊಟ್ಟಿ ಹಾಕಿ. ಒಣ ಹಿಟ್ಟಿನ ಮಗ್ಗುಲು ಮೇಲಿರಬೇಕು. ಕೂಡಲೇ ಒದ್ದೆ ಬಟ್ಟೆಯಿಂದ ಮೇಲ್ಮೈ ಪೂರ್ತಿ ಸವರಿ. ನೀರಿನ ಹೊಳಪು ಹೋಗುತ್ತಿದ್ದಂತೆ ಮಗುಚಿ. ಪೂರ್ತಿ ಒಣಗುವವರೆಗೆ ಕಾದರೆ ಅಂಚು ಮೇಲೇಳುತ್ತದೆ, ಆಮೇಲೆ ರೊಟ್ಟಿ ಉಬ್ಬುವುದಿಲ್ಲ. ಕೆಳಗಿನ ಮಗ್ಗುಲಿಗೆ ಚುಕ್ಕೆ ಮೂಡಿದ ಮೇಲೆ ಮತ್ತೆ ಮಗುಚಿ, ಮಡಚಿದ ಹತ್ತಿ ಬಟ್ಟೆಯಿಂದ ಅಂಚನ್ನು ಸುತ್ತಲೂ ಮೆಲ್ಲಗೆ ಒತ್ತುತ್ತಾ ಬನ್ನಿ. ಉರಿಯಿಲ್ಲದ ಒಲೆಯಲ್ಲಿ ಈ ಒತ್ತುವಿಕೆಯೇ ಒಳಗಿನ ಹಬೆಯನ್ನು ಅತ್ತಿತ್ತ ದೂಡಿ ಪದರ ಬಿಡಿಸುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳು ತಟ್ಟಿದ್ದರೆ ತೆಳುವಾದಲ್ಲಿ ಹರಿದು ಹಬೆ ಪಾರಾಗುತ್ತದೆ. ಮೆಣಸಿನಕಾಯಿ ಹುರಿಯುವ ಮುನ್ನ ಕಿಟಕಿ ತೆಗೆದು ಅಡುಗೆಮನೆಯ ಬಾಗಿಲು ಮುಚ್ಚಿ, ಪಡಸಾಲೆಯ ಹೊಗೆ ಅಲಾರಂ ಘಾಟಿಗೂ ಕೂಗುತ್ತದೆ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಊರಿಂದಲೇ ಒಯ್ಯಿರಿ. ತುಪ್ಪ, ಪೇಡಾ, ಹಾಲಿನ ಯಾವುದೇ ಪದಾರ್ಥ ಒಯ್ಯಬೇಡಿ. ಯುರೋಪ್ ಒಕ್ಕೂಟ ಹೊರಗಿನ ಹಾಲು, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಹಸಿ ಕರಿಬೇವು, ಪುಂಡಿಪಲ್ಯಕ್ಕೂ ಪ್ರಮಾಣಪತ್ರ ಬೇಕು, ಹಾಗಾಗಿ ಬಿಟ್ಟುಬಿಡಿ. ಹಸಿ ತರಕಾರಿಗೆ ಮಂಗಳವಾರ, ಶುಕ್ರವಾರ ಮೈಬಾಖುಫರ್ ಕಾಲುವೆ ದಂಡೆಯಲ್ಲಿ ನಡೆಯುವ ತುರ್ಕರ ಸಂತೆ ಇದೆ. ಎಣ್ಣೆಗಾಯಿಗೆ ಆಗುವ ಸಣ್ಣ ಬದನೆ, ಹಸಿಮೆಣಸು, ಕೊತ್ತಂಬರಿ ಕಟ್ಟು ಅಲ್ಲಿ ನೋಡಿ. ಮಂಡಾಳ ಒಗ್ಗರಣೆ ಮಾಡುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಸಿಗುವ ಮುರ್ಮುರಾ ನಮ್ಮ ಮಂಡಾಳಿಗಿಂತ ತೆಳು, ನೀರಲ್ಲಿ ಅದ್ದಿ ಹಿಂಡಿದರೆ ಮುದ್ದೆಯಾಗುತ್ತದೆ. ನೀರು ಚಿಮುಕಿಸಿದರೆ ಸಾಕು.

ಹಬ್ಬಗಳು ಈ ಕತ್ತಲ ತಿಂಗಳಲ್ಲೇ ಬರುತ್ತವೆ. ಎಳ್ಳಮಾವಾಸ್ಯೆಗೆ ಊರಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಹೊತ್ತು, ಅಲ್ಲಿ ಇನ್ನೂ ಬೆಳಗಿನ ಏಳೂವರೆ ಎಂಟರ ನಸುಕು. ಕ್ಲಾಸಿಗೋ ಕೆಲಸಕ್ಕೋ ಹೊರಡುವ ಮುನ್ನ ವಿಡಿಯೋದಲ್ಲಿ ಹೊಲ ನೋಡಬಹುದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ, ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ರೊಟ್ಟಿ ಹರಿದುಬರುವ ಜಾತ್ರೆ. ಸಂಜೆ ತೇರೆಳೆಯುವ ಹೊತ್ತು ಬರ್ಲಿನ್‌ನ ನಡುಹಗಲು. ಆ ದಿನಾಂಕವನ್ನು ಮೊದಲೇ ನೋಡಿ ಒಂದು ತಾಸು ಬಿಡುವು ಮಾಡಿಕೊಳ್ಳಿ. ಮರೆತು, ಮರುದಿನ ಬೇರೆಯವರು ಕಳಿಸಿದ ಫೋಟೋದಲ್ಲಿ ತೇರು ನೋಡುವ ಸಂಕಟ ದೊಡ್ಡದು.

ಫೆಬ್ರವರಿ ಹುಟ್ಟುವ ಹೊತ್ತಿಗೆ ಸೂರ್ಯ ಮುಳುಗುವುದು 4:50ಕ್ಕೆ, ತಿಂಗಳು ಮುಗಿಯುವಾಗ 5:40ರ ಸುಮಾರಿಗೆ. ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ, ನಮಗೂ ಅವರಿಗೂ ಇರುವ ಅಂತರ ನಾಲ್ಕೂವರೆಯಿಂದ ಮೂರೂವರೆ ತಾಸಿಗೆ ಇಳಿಯುತ್ತದೆ. ಆ ಸೋಮವಾರದಿಂದ ರೊಟ್ಟಿಯನ್ನು ಐದಕ್ಕೆ ತಟ್ಟಿಕೊಳ್ಳಿ. ಊರಲ್ಲಿ ಎಂಟೂವರೆಗೆ ತಾಟು ಹಾಕುವಾಗ ನಿಮ್ಮ ಕಿಟಕಿಯಲ್ಲಿ ಬಿಸಿಲಿರುತ್ತದೆ, ಹೊತ್ತು ಮುಳುಗಲು ಇನ್ನೂ ಎರಡೂವರೆ ತಾಸು.